ಮೊದಲ ಪುಟ

ಶ್... ಆ ಡ್ರೈಯರ್ ಹಾಕಬೇಡಕ್ಕಾ! ಸದ್ದಾದ್ರೆ ನಿನ್ನ ಮಗಳಿಗೆ ತಲೆ ಸಿಡಿಯುತ್ತೆ. ಈಗಷ್ಟೇ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಾಳೆ. ಹೊಲಿಗೆ ಹಾಕಿದ ಜಾಗ ಬಿಟ್ಟು ಸುತ್ತ ಕತ್ತರಿಸಿದ್ದೀನಿ, ನೋಡು, ಗೊತ್ತೇ ಆಗಲ್ಲ. ಟವೆಲ್ ತರೋಕೆ ಇಷ್ಟು ಹೊತ್ತಾ? ಕೂತ್ಕೋ.

ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯ? ನಾಲ್ಕು ತಿಂಗಳಿಗೆ ಎಷ್ಟು ಸುಧಾರಿಸಿದ್ದಾಳೆ! ಡಾಕ್ಟರ್ ಹೇಳಿದ್ದನ್ನ ನಾನು ಚಾಚೂ ತಪ್ಪದೆ ಮಾಡ್ತಿಲ್ವಾ? ಪರದೆ ಎಳೆಯೋದು, ಟೀವಿ ಆರಿಸೋದು, ಒಂದು ಸಲಕ್ಕೆ ಒಂದೇ ಕೆಲಸ ಹೇಳೋದು... ಮರೆವಿಗೆ ಅಂತ ಕತ್ತಿಗೆ ಆ ಪುಸ್ತಕ ಕಟ್ಟಿದ್ದು ನಾನೇ, ಬರೆದುಕೊಟ್ಟಿದ್ದೂ ನಾನೇ. 'ನಂಗೇನಾಯ್ತು?' ಅಂತ ದಿನಾ ಬೆಳಿಗ್ಗೆ ಎದ್ದು ಮೊದಲ ಪುಟ ಓದ್ತಾಳೆ...

ಹೂಂ, ಗೊತ್ತು. ಆಮೇಲೆ ನಿನ್ನ ಹತ್ರ ಬಂದು 'ಸಾರಿ ಅಮ್ಮಾ, ಹೆಲ್ಮೆಟ್ ಮರೆತುಬಿಟ್ಟೆ' ಅಂತಾಳೆ. ನಂಗೇನು ಕರುಳು ಕಿತ್ತು ಬರಲ್ವಾ? ಆದ್ರೆ ಮರೆತಿದ್ದು ಮರೆತಿದ್ದೇ ತಾನೇ? ಅವತ್ತು ಬರಿ ತಲೆಯಲ್ಲೇ ಸೈಕಲ್ ತುಳ್ಕೊಂಡು ಇಲ್ಲಿ ನನ್ನ ಪಾರ್ಲರಿಗೆ ಬಂದ್ಲು, ನಾನೇ ಕಣ್ಣಾರೆ... ಟವೆಲ್ ಕೆಳಗೆ ಏನಕ್ಕಾ ಅದು?

...ಎಲ್ಲಿತ್ತು? ಟವೆಲ್ ಕಪಾಟಿನ ಹಿಂದೇನಾ? ಆ ಹೆಲ್ಮೆಟ್... ಯಾರೋ ಗಿರಾಕೀದು. ಹಾಗೆ ನೋಡಬೇಡ! ಒಳಗೆ ಅವಳ ಹೆಸರು ಬರೆದಿದ್ದು ನೀನೇ ಅಂತ ನಂಗೂ ಗೊತ್ತು.

ಹೇಳ್ತೀನಕ್ಕಾ. ಆಮೇಲೆ ಬಯ್ಯಿ, ಎರಡು ಬಾರಿಸು.

ಅವತ್ತು ಶಾಲೆಯಲ್ಲಿ ಫೋಟೋ ತೆಗೆಸೋದಿತ್ತಲ್ಲ. ಎರಡು ಗಂಟೆ ಕೂತು ಕೂದಲು ಗುಂಗುರು ಮಾಡಿದ್ದೆ. ಕನ್ನಡಿ ನೋಡ್ಕೊಂಡು ಕುಣಿದಾಡಿದ್ಲು. ಹೊರಡುವಾಗ ಹೆಲ್ಮೆಟ್ ಎತ್ಕೊಂಡ್ಲು... ಅವಳಾಗೇ ಎತ್ಕೊಂಡ್ಲಕ್ಕಾ! ನಾನೇ ಕಿತ್ಕೊಂಡೆ. 'ಥೂ ಹುಚ್ಚಿ, ಕೂದಲೆಲ್ಲ ಚಪ್ಪಟೆಯಾಗುತ್ತೆ, ಇಲ್ಲೇ ಬಿಟ್ಟು ಹೋಗು, ಎರಡು ರಸ್ತೆ ತಾನೇ' ಅಂದೆ. ಎರಡನೇ ತಿರುವಲ್ಲೇ ಬಿದ್ಲು. ಗೊತ್ತಾದ್ರೆ ನೀನು ನನ್ನ ಮುಖ ನೋಡಲ್ಲ ಅಂತ ಹೆದರಿಬಿಟ್ಟೆ. ಅವಳಿಗೆ ಹೇಗೂ ನೆನಪಿಲ್ಲ ಅಂತ... ಅವಳೇ ಮರೆತ್ಲು ಅಂತ ಮೊದಲ ಪುಟದಲ್ಲಿ ಬರೆದು ಅವಳ ತಲೆಗೇ ಕಟ್ಟಿಬಿಟ್ಟೆ.

ಅವಳ ಕತ್ತಿಂದ ಪುಸ್ತಕ ಯಾಕೆ ಬಿಚ್ತೀಯ? ಮೆಲ್ಲಗೆ, ಎದ್ದುಬಿಡ್ತಾಳೆ. ಆ ಪುಟ ಹರೀತೀಯಾ? ...ಸರಿ. ಹರಿ.

ಏನು, ಪೆನ್ನು? ನಡೆದಿದ್ದನ್ನ ನಾನೇ ಬರೀಬೇಕಾ?

ಅಕ್ಕಾ, ಒಂದು ಸಲ ತಪ್ಪೊಪ್ಕೊಂಡ್ರೆ ಮುಗಿಯೋದಲ್ಲ ಇದು. ಮಲಗಿ ಎದ್ರೆ ಮರೀತಾಳೆ. ದಿನಾ ಬೆಳಿಗ್ಗೆ ಮೊದಲನೇ ಸಲ ಅನ್ನೋ ಹಾಗೆ ಓದ್ತಾಳೆ... 'ಚಿಕ್ಕಮ್ಮ ಬೇಡ ಅಂದ್ಲು' ಅಂತ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡ್ತಾಳೆ. ದಿನಾ.

...ಕೊಡು. ಅವಳು ಏಳೋದ್ರೊಳಗೆ ಬರೆದುಬಿಡ್ತೀನಿ.