ಕೆರಿಯಪ್ಪನನ್ನು ಬಾವಿಯಲ್ಲಿ ಬಿಟ್ಟ ಕಂತು

ದೀಪ ಸಣ್ಣ ಮಾಡಿ. ಆರಿಸಬೇಡಿ... ಸಣ್ಣ ಮಾಡಿದರೆ ಸಾಕು. ದೇವರ ಮುಂದಿನದು ಉರಿಯಲಿ.

ಇದು ನನ್ನ ಚಿಕ್ಕಮ್ಮನ ಮಗ ಹೇರಂಬನಿಗೆ ಆದದ್ದು. ಎಂಬತ್ತಮೂರನೇ ಇಸವಿಯ ಬೇಸಿಗೆ. ಹೊಸನಗರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ. ಪರೀಕ್ಷೆಯ ಕೆಲಸ ಮುಗಿಸಿ, ಕತ್ತಲಾದ ಮೇಲೆ ಒಬ್ಬನೇ ಮನೆಗೆ ಹೊರಟಿದ್ದ. ಶಾಲೆಗೂ ಅವನ ಬಾಡಿಗೆ ಮನೆಗೂ ನಡುವೆ ಒಂದು ಆಲದ ಮರ, ಅದರ ಪಕ್ಕ ಹಾಳು ಬಾವಿ. ರಾಟೆ ಇತ್ತು, ಹಗ್ಗ ಇರಲಿಲ್ಲ.

ಬಾವಿ ದಾಟುವಾಗ ರಾಟೆ ತಿರುಗಿತು. ಕಿರ್ರ್... ಕಿರ್ರ್... ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲವಂತೆ. ಆಮೇಲೆ ಕೆಳಗಿನಿಂದ, ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಒಂದು ದನಿ.

"ಮೇಷ್ಟ್ರೇ... ಮುಂದಿಂದು ಹೇಳಿ..."

"ಯಾರದು?"

"ಕೆರಿಯಪ್ಪ."

ಹೇರಂಬ ಒಂದು ಹೆಜ್ಜೆ ಹಿಂದೆ ಸರಿದ. ಯಾಕೆಂದರೆ ಕೆರಿಯಪ್ಪ ಅನ್ನೋ ಮನುಷ್ಯ ಹುಟ್ಟಿಯೇ ಇರಲಿಲ್ಲ.

ಹೇಳ್ತೀನಿ ಕೇಳಿ. ಹೇರಂಬನಿಗೆ ಕತೆ ಬರೆಯುವ ಹುಚ್ಚು. ಅವನಂಥವರೇ ಇನ್ನಿಬ್ಬರು ಸಿಕ್ಕಿದ್ದರು. ಮಾಸ್ತಿಕಟ್ಟೆಯ ಅಣೆಕಟ್ಟು ಕೆಲಸದಲ್ಲಿದ್ದ ವಾಸಪ್ಪ, ತೀರ್ಥಹಳ್ಳಿಯಲ್ಲಿ ಟೀಚರಾಗಿದ್ದ ಸರೋಜ. ಚಂದ್ರಲೋಕದ ಊರು, ಕಾಲದಲ್ಲಿ ಹಿಂದಕ್ಕೆ ಹೋಗೋ ಯಂತ್ರ, ಪಾತಾಳದ ಜನ... ಬರೀ ಇಂಥವೇ ಕತೆಗಳು. ಮೂವರೂ ಒಂದು ಕಡೆ ಕೂತದ್ದು ಅಪರೂಪ. ಒಂದು ಕ್ಯಾಸೆಟ್ಟೇ ಅವರ ಕೂಟ. ಒಬ್ಬರು ಒಂದು ಕಂತು ಬರೆದು, ಓದಿ, ಟೇಪ್ ಮಾಡಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಮುಂದಿನವರಿಗೆ ಕೊಟ್ಟು ಕಳಿಸುವುದು. ಪ್ರತಿ ಕಂತಿನ ಕೊನೆಗೂ ಯಾರನ್ನಾದರೂ ಎಲ್ಲಾದರೂ ಸಿಕ್ಕಿಸಿ ಬಿಡಬೇಕು, ಅದು ಅವರ ಕಟ್ಟಳೆ. ಬಿಡಿಸುವುದು ಸರದಿ ಇದ್ದವರ ಪಾಡು. ಬಿಡಿಸಿದವರು ತಮ್ಮ ಕಂತು ಮುಗಿಸುವಾಗ ಮತ್ತೊಬ್ಬರನ್ನು ಸಿಕ್ಕಿಸಬೇಕು.

ವಾಸಪ್ಪ ತನ್ನ ಕಂತಿನಲ್ಲಿ ಕೆರಿಯಪ್ಪ ಅಂತ ಒಬ್ಬನನ್ನು ಮಾಡಿದ. ಬಾವಿಯ ಹೂಳೆತ್ತುವವನು. ತಳದಲ್ಲಿ ಬೇರೆ ಲೋಕ ಕಂಡು, ವಾಪಸು ಹತ್ತಿ ಬರುವಾಗ ಬಾವಿಯ ಬಾಯಿಗೆ ಯಾರೋ ಚಪ್ಪಡಿ ಎಳೆದಿದ್ದಾರೆ. "ಕೆರಿಯಪ್ಪ ಕೂಗಿದ. ಮೇಲೆ ಯಾರಿಗೂ ಕೇಳಿಸಲಿಲ್ಲ." ಅಲ್ಲಿಗೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಸದ್ದು, ಟಕ್. ಮುಂದಿನ ಸರದಿ ಹೇರಂಬನದು. ಸಂಕ್ರಾಂತಿಗೆ ಬಂದ ಕ್ಯಾಸೆಟ್ಟು. ಇವತ್ತು ನಾಳೆ ಅಂತ ಬೇಸಿಗೆಯಾಗಿತ್ತು.

ಹೇರಂಬ ಧೈರ್ಯ ತಂದುಕೊಂಡು ಬಾವಿಗೆ ಬಗ್ಗಿ ಪಿಸುಗುಟ್ಟಿದ.

"ವಾಸಪ್ಪಾ, ಸಾಕು ನಿನ್ನ ನಾಟಕ. ಮೇಲೆ ಬಾ ಮಾರಾಯ, ಕಾಫಿ ಕುಡಿಸ್ತೀನಿ."

"ಮೇಲೆ ಬರೋ ಹಾಂಗಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?"

ಹೇರಂಬ ಓಡಿದ. ಮರ ದಾಟಿದ, ತಿರುವು ದಾಟಿದ. ಮುಂದೆ ಮನೆಯ ದೀಪ ಕಾಣಬೇಕು... ಕಂಡದ್ದು ಬಾವಿ. ಕಿರ್ರ್... ತಿರುಗಿ ಶಾಲೆಯ ಕಡೆ ಓಡಿದ. ಅಲ್ಲೂ ಬಾವಿ. ಕಣ್ಣು ಮುಚ್ಚಿ ನಡೆದರೆ ಕಟ್ಟೆ ಮೊಣಕಾಲಿಗೆ ಬಡಿಯಿತು.

"ಕತ್ಲು ಮೇಷ್ಟ್ರೇ... ಎಷ್ಟು ಕೂಗ್ಲಿ?"

ಕಡೆಗೆ ಕಟ್ಟೆಯ ಮೇಲೆ ಕೂತು, ಕತೆಯ ಮುಂದಿನ ಭಾಗ ಹೇಳಿದನಂತೆ. ದಾರಿಹೋಕನೊಬ್ಬ ಚಪ್ಪಡಿ ಸರಿಸಿದ, ಹಗ್ಗ ಇಳಿಸಿದ, ಕೆರಿಯಪ್ಪ ಹತ್ತಿ ಬಂದು ಊರ ದಾರಿ ಹಿಡಿದ. ಹೇಳುತ್ತಿದ್ದ ಹಾಗೇ ಹೇರಂಬನ ಬೆನ್ನ ಹಿಂದೆ ಯಾರೋ ದಾಟಿ ಹೋದರು. ಒದ್ದೆ ಕಾಲಿನ ಸದ್ದು... ಪಚ್... ಪಚ್... ದೂರ ಹೋಯಿತು.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗ್ತಿತ್ತು. ಆದರೆ ವರ್ಷಗಟ್ಟಲೆ ರೂಢಿಯಾದ ನಾಲಿಗೆ. ತನಗೆ ತಿಳಿಯುವ ಮೊದಲೇ ಅಂದುಬಿಟ್ಟ.

"ಆದರೆ ಹಗ್ಗ ಎಳೆದವನು, ಕೈಜಾರಿ ಒಳಗೆ ಬಿದ್ದ."

ಆಲದ ಮರದೊಳಗಿಂದ ಸದ್ದು ಬಂತು. ಟಕ್.

ಅವನು ಮನೆ ಮುಟ್ಟಿದ್ದು ನಿಜ. ತನ್ನ ಕೋಣೆಯಲ್ಲಿ ಮಲಗಿದ್ದೂ ನಿಜ. ಬೆಳಿಗ್ಗೆ ಹೊರಗೆ ಬರಲಾಗಲಿಲ್ಲ. ಅವನ ಜೊತೆಗಿದ್ದ ತಾಯಿ ಭಾಗೀರಥಮ್ಮ, ಅಂದರೆ ನನ್ನ ಚಿಕ್ಕಮ್ಮ, ಸಾಗರಕ್ಕೆ ಹೇಳಿ ಕಳಿಸಿದರು. ನಾನು ಅಲ್ಲಿನ ದೇವಸ್ಥಾನದಲ್ಲಿ ಪುರಾಣ ಓದುವವನು. ಪಂಚಾಮೃತದ ತೀರ್ಥ ಕಟ್ಟಿಕೊಂಡು ಸಂಜೆ ಬಸ್ಸಿಗೇ ಹೋದೆ.

ಕೋಣೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಾಚೆ ಹೇರಂಬ ನಿಂತಿದ್ದಾನೆ. ನನ್ನನ್ನು ನೋಡುತ್ತಿಲ್ಲ, ಕತ್ತೆತ್ತಿ ಸೂರು ನೋಡುತ್ತಿದ್ದಾನೆ.

"ಹೊರಗೆ ಬಾರೋ ತಮಾ," ಚಿಕ್ಕಮ್ಮ ಅಳುತ್ತಿದ್ದರು.

"ಬಾಗಿಲು ಎಲ್ಲಿದ್ದು ಅಮ್ಮ?" ಅವನ ದನಿ ತುಂಬ ಕೆಳಗಿನಿಂದ ಬಂತು. ಅಷ್ಟು ಚಿಕ್ಕ ಕೋಣೆಯಲ್ಲಿ ಮಾತು ಮಾತಿಗೂ ಮಾರ್ದನಿ. "ಅಣ್ಣಯ್ಯ ಬಂದ್ನಾ? ಮೇಲೆ ಒಂಚೂರು ಬೆಳಕಿದ್ದು ಅಣ್ಣಯ್ಯಾ... ಅದೂ ಸಣ್ಣ ಆಗ್ತಾ ಇದ್ದು."

ಕೈ ಹಿಡಿದು ಎಳೆದೆ. ಬರೀ ಗಾಳಿಗೆ ಅವನ ಮೊಣಕೈ ತಗುಲಿ ಕಲ್ಲಿಗೆ ಬಡಿದ ಸದ್ದಾಯಿತು. ಚರ್ಮ ಕಿತ್ತು ರಕ್ತ ಬಂತು. ಬಿಟ್ಟುಬಿಟ್ಟೆ. ಆಗ ಅವನು ನಾನು ನಿಮಗೆ ಹೇಳಿದ್ದನ್ನೆಲ್ಲ ಹೇಳಿದ, ನಿಲ್ಲಿಸಿ ನಿಲ್ಲಿಸಿ. ಕತೆಯಲ್ಲಿ ಹಗ್ಗ ಎಳೆದು ಬಿದ್ದವನು ಇವನೇ ಆಗಿಬಿಟ್ಟಿದ್ದ.

ತೀರ್ಥ ಕೊಟ್ಟೆ, ಕುಡಿದ. ಅನ್ನ ಸೇರಲಿಲ್ಲ. ರಾತ್ರಿಯಿಡೀ ಹೊಸ್ತಿಲ ಮೇಲೆ ಕೂತು ಜಪ ಮಾಡಿದೆ. ಅವನ ದನಿ ಇನ್ನೂ ಕೆಳಗೆ, ಇನ್ನೂ ಕೆಳಗೆ ಇಳಿಯುತ್ತಿತ್ತು. ಬೆಳಕು ಪೂರಾ ಮುಚ್ಚಿದರೆ ಹುಡುಗ ನಮಗೆ ದಕ್ಕುವುದಿಲ್ಲ ಅಂತ ಮನಸ್ಸು ಹೇಳಿತು.

ಬೆಳಗಿನ ಜಾವ ಸ್ವಾಮಿಯೇ ಹೊಳೆಯಿಸಿದ. ಪುರಾಣ ಓದುವ ನಮಗೆ ಒಂದು ಕಟ್ಟುಪಾಡಿದೆ. ಕಷ್ಟದ ಪ್ರಸಂಗದಲ್ಲಿ ಓದು ನಿಲ್ಲಿಸುವ ಹಾಗಿಲ್ಲ. ಸೆರೆಯಲ್ಲಿರುವವರ ಬಿಡುಗಡೆಯಾಗುವ ತನಕ, ಗಂಟಲು ಒಣಗಿದರೂ ಓದಬೇಕು. ಆಮೇಲೇ ಮಂಗಳ. ಈ ಮಕ್ಕಳು ಪಾಪ, ಕಷ್ಟದಲ್ಲೇ ನಿಲ್ಲಿಸುತ್ತ ಬಂದಿದ್ದರು.

ಮುಂದಿನ ಸರದಿ ಸರೋಜಳದು. ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ ಆದದ್ದೆಲ್ಲ ಹೇಳಿದೆ. ಆಕೆ ಗೌಡರ ಮನೆಯ ಹೆಣ್ಣುಮಗಳು, ಮಾತು ಚುರುಕು.

"ಏನ್ ಭಟ್ರೇ, ಪುರಾಣ ಬಿಟ್ಟು ನಮ್ಮ ಕೂಟಕ್ಕೆ ಸೇರ್ಕಂಡ್ರಾ? ಹೇರಂಬ ಮೇಷ್ಟ್ರು ಕಂತು ಕೊಡದೆ ತಪ್ಪಿಸ್ಕಳಾಕೆ ಹೊಸ ಕತೆ ಕಟ್ಟಿ ಕಳ್ಸಿದ್ರಾ?"

"ನೀವೇ ಬಂದು ಕೇಳಿ ತಾಯಿ, ಆ ದನಿಯನ್ನ," ಅಂದೆ.

ನನ್ನ ಮುಖ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ನಾವು ಬರುವಷ್ಟರಲ್ಲಿ ಹೇರಂಬ ಮಾತು ನಿಲ್ಲಿಸಿದ್ದ. ಕಿವಿಗೊಟ್ಟರೆ ಉಸಿರು ಮಾತ್ರ, ದೂರದಿಂದ. ಸರೋಜಳ ನಗು ಬಾಗಿಲಲ್ಲೇ ಆರಿತು. ಹೊಸ್ತಿಲ ಮುಂದೆ ಕೂತು ಮೆಲ್ಲಗೆ ಶುರುಮಾಡಿದಳು.

"ಮೇಷ್ಟ್ರು ಬಾವಿ ತಳದಲ್ಲಿದ್ರು. ಅವರ ಅಣ್ಣ ಬಂದು ಬಗ್ಗಿ ನೋಡಿದ್ರು. ಅಮ್ಮ ಹಗ್ಗ ತಂದ್ಲು. ಇಬ್ರೂ ಸೇರಿ ಎಳೆದ್ರು... ಒಂದು ಮೊಳ... ಇನ್ನೊಂದು ಮೊಳ..."

ಹೇರಂಬನ ಉಸಿರು ಹತ್ತಿರ ಬಂತು. ತಲೆ ಇಳಿಸಿ ನಮ್ಮನ್ನು ನೋಡಿದ. ಒಂದು ಪಾದ ಹೊಸ್ತಿಲಿನ ಮೇಲೆ ಬಂತು.

"ಮೇಷ್ಟ್ರು ಬಾವಿ ಕಟ್ಟೆ ಮೇಲೆ ಕೂತ್ರು." ಸರೋಜ ಅಷ್ಟಕ್ಕೇ ನಿಲ್ಲಲಿಲ್ಲ. "ಆದರೆ..."

ಹೇರಂಬನ ಪಾದ ನಿಂತಿತು. ಸೂರಿನ ಕಡೆ ಕಿರ್ರ್ ಅಂದಿತು.

"ಸರೋಜಮ್ಮಾ! ಬೇಡ. ಅಲ್ಲಿಗೇ ಮುಗಿಸಿ."

"ಹೆಂಗೆ ಮುಗಿಸ್ಲಿ ಭಟ್ರೇ?" ಅವಳು ನನ್ನ ಕಡೆ ತಿರುಗಿದಳು. "ನಮ್ಮ ಕತೆ ಯಾವತ್ತೂ ಮುಗಿದೇ ಇಲ್ಲ... ಬಾಯಿಗೆ ಬರ್ತಾ ಇದೆ, ತಡೆಯಾಕೆ ಆಗ್ತಿಲ್ಲ..."

ನಾನು ಮಂಗಳ ಎತ್ತಿಕೊಂಡೆ. ಪುರಾಣದ ಕೊನೆಗೆ ಹಾಡುವ ಅದೇ ಮಂಗಳ. ಚಿಕ್ಕಮ್ಮ ದೇವರ ಮನೆಯಿಂದ ಆರತಿ ತಂದರು, ದನಿಗೂಡಿಸಿದರು. ಸರೋಜ ಎರಡೂ ಕೈಯಲ್ಲಿ ಬಾಯಿ ಒತ್ತಿಹಿಡಿದಿದ್ದವಳು ಕಡೇ ಸಾಲಿಗೆ ಕೈ ತೆಗೆದು ತಾನೂ ಹಾಡಿದಳು. ಹಾಡು ನಿಂತಿತು. ನಾವೆಲ್ಲ ಆ ಟಕ್ ಸದ್ದಿಗೆ ಕಾದೆವು...

ಬರಲಿಲ್ಲ. ಹೇರಂಬ ಹೊಸ್ತಿಲು ದಾಟಿ ತಾಯಿಯ ಮೇಲೆ ಕುಸಿದ.

ಆಮೇಲೆ ಮೂವರೂ ಕತೆ ಬರೆದರು. ಬಿಡಲಿಲ್ಲ. ಆದರೆ ಯಾರನ್ನೂ ಸಿಕ್ಕಿಸಿ ನಿಲ್ಲಿಸಲಿಲ್ಲ. ಆ ಕೆರಿಯಪ್ಪನೂ ಒಂದು ಜೀವವೇ ಅಲ್ವಾ? ಹುಟ್ಟದೇ ಇದ್ದರೂ ಕತ್ತಲಲ್ಲಿ ಕೂತಿದ್ದನಲ್ಲ. ಪ್ರಾರ್ಥನೆಯಲ್ಲಿ ಅವನ ಹೆಸರೂ ಹೇಳ್ತೀನಿ.

ನಂಬೋದು ಬಿಡೋದು ನಿಮಗೆ ಸೇರಿದ್ದು. ನಾನು ದೇವರ ದೀಪದ ಎದುರು ಕೂತು ಸುಳ್ಳು ಹೇಳುವವನಲ್ಲ. ಹೇರಂಬ ಈಗ ಸಾಗರದಲ್ಲೇ ಇದ್ದಾನೆ, ಪುರಾಣಕ್ಕೆ ದಿನಾ ಬಂದು ನನ್ನ ಪಕ್ಕ ಕೂರುತ್ತಾನೆ. ಕಾಲು ಮಡಚಿ ಕೂತಾಗ ಅಂಗಾಲು ಕಾಣುತ್ತದೆ. ಆ ಕೋಣೆಯಲ್ಲಿ ಒಂದು ಹನಿ ನೀರು ಇರಲಿಲ್ಲ. ಅಂಗಾಲು ಮಾತ್ರ ಬಿಳಿಚಿಕೊಂಡು, ಬಹಳ ಹೊತ್ತು ನೀರಲ್ಲಿ ನಿಂತವರ ಕಾಲಿನ ಹಾಗೆ ಸುಕ್ಕುಗಟ್ಟಿದೆ. ಇವತ್ತಿಗೂ.