ಬಂಗಾರದ ಕಿವಿಗೆ ಎರಡು ಮಾತು

ಹಳೆಯ ಕಾರುಗಳ ಮಾಲೀಕರ ಸಂಘದ ಮಾನ್ಯ ಅಧ್ಯಕ್ಷರೇ, ನನಗಿಂತ ಮೊದಲು ಮಾತಾಡಿ ಮೈಕನ್ನು ಬಿಸಿ ಮಾಡಿಟ್ಟಿರುವ ಮುಖ್ಯ ಅತಿಥಿಗಳೇ, ಹೂಗುಚ್ಛದ ಹಿಂದೆ ಅರ್ಧ ಮಾತ್ರ ಕಾಣುತ್ತಿರುವ ನನ್ನ ಯಜಮಾನರೇ, ಮತ್ತು ಹೊರಗೆ ನಿಲ್ಲಿಸಿ ಬಂದ ಕಾರು ವಾಪಸು ಹೊರಡುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಕುಳಿತಿರುವ ಸಭಿಕರೇ,

"ಅಮ್ಮಾ, ನೀವೂ ಎರಡು ಮಾತಾಡಿ" ಎಂದು ಕಾರ್ಯದರ್ಶಿಗಳು ನನ್ನನ್ನು ಕರೆದಿದ್ದಾರೆ. ಸನ್ಮಾನಿತರ ಹೆಂಡತಿಗೆ ಎಲ್ಲ ಕಡೆಯೂ ಎರಡೇ ಮಾತು. ಒಂದು, ಬಹಳ ಸಂತೋಷವಾಯಿತು. ಇನ್ನೊಂದು, ಊಟಕ್ಕೆ ಏಳಿ. ಆದರೆ ಮದುವೆಯಾದಾಗಿನಿಂದ ನನ್ನ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳುತ್ತಿರುವುದು ಇದೇ ಮೊದಲು. ಆದ್ದರಿಂದ ನಾನು ಎರಡಕ್ಕೇ ನಿಲ್ಲಿಸುತ್ತೇನೆಂದು ಯಾರೂ ಆಸೆ ಇಟ್ಟುಕೊಳ್ಳಬೇಡಿ.

ಇವರ ಗುಣಗಾನ ಕೇಳಿ ನಾನಂತೂ ಬೆರಗಾಗಿದ್ದೇನೆ. ಯಾರ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ಬ್ಯಾಂಕ್ ಮ್ಯಾನೇಜರರು ಹೇಳಿದರು: "ನಾನು ಕಾರಿನ ತೊಂದರೆ ವಿವರಿಸ್ತಾನೇ ಇದ್ದೆ, ಇವರು ಒಂದು ಮಾತೂ ಆಡದೆ ಬಾನೆಟ್ ಎತ್ತಿಬಿಟ್ರು. ಅದು ದೊಡ್ಡವರ ಲಕ್ಷಣ." ಇನ್ನೊಬ್ಬರು ಇವರನ್ನು ಮೌನಿ ಎಂದರು. ಮತ್ತೊಬ್ಬರು ತಪಸ್ವಿ ಎಂದರು. ಸ್ವಲ್ಪ ಹೊತ್ತು ಬಿಟ್ಟಿದ್ದರೆ ಇವರಿಗೊಂದು ಗುಹೆ ಕಟ್ಟಿಸಿಕೊಡುತ್ತಿದ್ದಿರೋ ಏನೋ.

ನಿಮ್ಮ ಕಾರುಗಳ ಬಗ್ಗೆಯೂ ನನಗೆ ಅಪಾರ ಗೌರವವಿದೆ. ಮೋಡ ಕವಿದರೆ ಸ್ಟಾರ್ಟ್ ಆಗದ ಕಾರು, ಎಡಕ್ಕೆ ತಿರುಗಿದಾಗೆಲ್ಲ ತನ್ನಷ್ಟಕ್ಕೆ ತಾನೇ ಹಾರ್ನ್ ಹೊಡೆಯುವ ಕಾರು, ಮಾಲೀಕರ ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತಾಗ ಮಾತ್ರ ಕುದಿಯುವ ಕಾರು, ಎಲ್ಲವೂ ನಮ್ಮ ಶೆಡ್ಡಿಗೆ ಬಂದುಹೋಗಿವೆ. ಮಕ್ಕಳಿಗೆ ಜ್ವರ ಬಂದರೆ ಮಾತ್ರೆ ನುಂಗಿಸಿ ಶಾಲೆಗೆ ಅಟ್ಟುವ ನೀವು, ಕಾರು ಕೆಮ್ಮಿದರೆ ಕಚೇರಿಗೆ ರಜೆ ಹಾಕಿ ಓಡಿಬರುತ್ತೀರಿ. ನಮ್ಮ ಮನೆಯ ಸಿಂಕಿನ ಮುಂದೆ ನಿಂತರೆ ನನ್ನ ಮುಖಕ್ಕೂ ನಿಮ್ಮ ಕಾರಿನ ಮೂತಿಗೂ ನಡುವೆ ಒಂದು ಕಿಟಕಿಯ ಜಾಲರಿ ಅಷ್ಟೇ. ಪಾತ್ರೆ ತೊಳೆದಷ್ಟೂ ಹೊತ್ತು ನಿಮ್ಮ ಎಂಜಿನ್ನಿನ ಗೋಳು ಕೇಳಿದ್ದೇನೆ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಇಬ್ಬರೂ ಪೇಟೆ ಬೀದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದೆವು. ಇವರು ಗಕ್ಕನೆ ನಿಂತು ನನ್ನ ಕೈ ಹಿಡಿದರು. ನನ್ನ ಎದೆ ಹೊಡೆದುಕೊಂಡಿತು. "ಕೇಳಿಸ್ತಾ? ಆ ಕಾರಿನ ಮೂರನೇ ಸಿಲಿಂಡರ್ ಹೊಡೀತಿಲ್ಲ" ಎಂದರು. ನಾನು ಅದಕ್ಕೂ ಮೊದಲೇ ಐಸ್‌ಕ್ರೀಮ್ ಕೇಳಿದ್ದೆ. ಅದು ಮಾತ್ರ ಇವರಿಗೆ ಕೇಳಿಸಿರಲಿಲ್ಲ. ಆಮೇಲೆ ಊಟಕ್ಕೆ ಕುಳಿತರೂ ಕಾರು, ಮಲಗಿದರೂ ಕಾರು. ಕೂಗುವ ಬೆಲ್ಟು ಹೇಗೆ ಕೂಗುತ್ತದೆ, ಎಂಜಿನ್ನಿನೊಳಗೆ ಟಕಟಕ ಬಡಿಯುವ ಟಪ್ಪೆಟ್ ಹೇಗೆ ಬಡಿಯುತ್ತದೆ ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಿದ್ದರು. ಬೇಡ ಬೇಡವೆಂದರೂ ನನಗೆ ಎಲ್ಲವೂ ಬಾಯಿಪಾಠವಾಯಿತು.

ಈಗ ಈ ಫಲಕದ ವಿಷಯ. ಇದರಲ್ಲಿ 'ಬಂಗಾರದ ಕಿವಿ' ಎಂದು ಕೆತ್ತಿಸಿದ್ದೀರಿ. ನಮ್ಮ ಖಜಾಂಚಿಗಳು, ಊರಿಗೆಲ್ಲ ಕಿವಿ ನೋಡುವ ಡಾಕ್ಟರರು, ಈ ಬಿರುದನ್ನು ತಾವೇ ಆರಿಸಿದರಂತೆ. "ನನ್ನ ಇಡೀ ವೃತ್ತಿಯಲ್ಲಿ ಇಂಥ ಕಿವಿ ನೋಡಿಲ್ಲ" ಎಂದು ಈಗಷ್ಟೇ ಹೇಳಿದರು. ನಿಜ ಡಾಕ್ಟರೇ, ನೀವು ನೋಡಿಲ್ಲ. ನಮ್ಮ ಶೆಡ್ಡಿಗೆ ಎಷ್ಟೋ ಸಲ ಬಂದಿದ್ದೀರಿ, ಇವರ ಬೆನ್ನು ತಟ್ಟಿದ್ದೀರಿ, ಕಿವಿಯ ಪಕ್ಕದಲ್ಲೇ ನಿಂತು ಮಾತಾಡಿದ್ದೀರಿ. ಒಂದು ಸಲ ನೋಡಿದ್ದರೆ ತಿಳಿಯುತ್ತಿತ್ತು. ಆ ಕಿವಿಗೆ ಕೇಳಿಸುವುದಿಲ್ಲ.

ದಯವಿಟ್ಟು ಯಾರೂ ಅವರನ್ನು ದಿಟ್ಟಿಸಿ ನೋಡಬೇಡಿ. ಹಾಗೇ ನಗುತ್ತಾ ಕುಳಿತಿರಿ. ನಾನು ಅವರಿಗೆ ಬೆನ್ನು ಮಾಡಿ ನಿಂತಿದ್ದೇನೆ, ನನ್ನ ತುಟಿ ಅವರಿಗೆ ಕಾಣುವುದಿಲ್ಲ. ನಿಮ್ಮ ಮುಖಗಳು ಮಾತ್ರ ಅವರೆದುರಿಗೇ ಇವೆ. ಮ್ಯಾನೇಜರೇ, ಬಾಯಿ ಮುಚ್ಚಿ.

ಕಿವಿ ಹೋಗತೊಡಗಿ ಕೆಲವು ವರ್ಷಗಳಾದವು. ಮೊದಲು ಟೆಲಿಫೋನ್ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ನಾನು. ನಾನು ಹೋದದ್ದು ಮಾತ್ರ ನನಗೆ ತಡವಾಗಿ ಗೊತ್ತಾಯಿತು, ಏಕೆಂದರೆ ಅದರಲ್ಲಿ ಹೊಸತೇನೂ ಇರಲಿಲ್ಲ. ಒಂದು ದಿನ ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದೆ. ಇವರು ಓಡುತ್ತಿರುವ ಎಂಜಿನ್ನಿನ ಮೇಲೆ ಬಗ್ಗಿ, ಎರಡೂ ಕೈ ಊರಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ನೀವೆಲ್ಲ ಭಕ್ತಿಯಿಂದ ಸುತ್ತುವರಿದಿದ್ದಿರಿ. ಟಪ್ಪೆಟ್ ಬೀದಿಗೆಲ್ಲ ಕೇಳುವಂತೆ ಬಡಿಯುತ್ತಿತ್ತು. ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ಆ ಸದ್ದೂ ಇವರಿಗೆ ಕೇಳಿಸುತ್ತಿಲ್ಲವೆಂದು ಆ ನೋಟದಲ್ಲೇ ಗೊತ್ತಾಯಿತು. ನಾನು ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟನ್ನು ಬಡಿದು ತೋರಿಸಿದೆ. ಇವರು "ಟಪ್ಪೆಟ್" ಎಂದರು. ನೀವು ಚಪ್ಪಾಳೆ ತಟ್ಟಿದಿರಿ.

ಅಂದಿನಿಂದ ಕಾರು ಓಡುವಷ್ಟು ಹೊತ್ತೂ ನಾನು ಬಾಗಿಲಲ್ಲಿ. ಅಂಗೈ ಉಜ್ಜಿದರೆ ಬೇರಿಂಗ್, ಕೆನ್ನೆ ಉಬ್ಬಿಸಿದರೆ ಸೈಲೆನ್ಸರ್ ತೂತು, ಕಿವಿ ಹಿಂಡಿಕೊಂಡರೆ ಬೆಲ್ಟು. ಇದನ್ನೆಲ್ಲ ನೋಡಿ ನಮ್ಮ ಅಧ್ಯಕ್ಷರು ಏನೆಂದರು ಗೊತ್ತೇ? "ಗಂಡನ್ನ ನೋಡ್ತಾ ಬಾಗಿಲಲ್ಲೇ ನಿಂತಿರ್ತೀರಲ್ಲಮ್ಮಾ, ಈಗಿನ ಕಾಲದಲ್ಲಿ ಇಂಥ ಪ್ರೀತಿ ಎಲ್ಲಿದೆ?" ಎಂದರು. ಕೆನ್ನೆ ಉಬ್ಬಿಸಿ ನಿಂತವಳಲ್ಲಿ ಪ್ರೀತಿ ಕಂಡ ಮಹಾನುಭಾವರು ಅವರೊಬ್ಬರೇ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಕಿವಿ ನೆಟ್ಟಗಿದ್ದಾಗ ನನ್ನ ಮಾತಿಗೆ ಬೆಲೆ ಕೊಡದ ಮನುಷ್ಯ, ಕಿವಿ ಹೋದ ಮೇಲೆ ನನ್ನ ಬೆರಳು ಅಲುಗಿದರೂ ನೋಡತೊಡಗಿದರು. ನನಗೆ ಅದು ಇಷ್ಟವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಇಷ್ಟವಾಯಿತು.

ಹೋದ ತಿಂಗಳು ನನ್ನ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಯಿತು. ನಾನು ಅವಳ ಮನೆಯಲ್ಲಿದ್ದೆ. "ನಾನು ಬರೋವರೆಗೂ ಶೆಡ್ ತೆಗೀಬೇಡಿ" ಎಂದು ಸನ್ನೆ ಮಾಡಿ, ಕೂಗಿ, ಬರೆದೂ ತೋರಿಸಿ ಹೋಗಿದ್ದೆ. ಬಂಗಾರದ ಕಿವಿಯವರು ಹೆಂಡತಿ ಇಲ್ಲವೆಂದು ಬಾಗಿಲು ಹಾಕುತ್ತಾರೆಯೇ? ನಿವೃತ್ತ ನ್ಯಾಯಾಧೀಶರ ಹಸಿರು ಕಾರು ಬಂತು. ಎಂಜಿನ್ನಿನ ನಡುಕ ಕೈಗೆ ಸಿಗುತ್ತದೆ. ಚಕ್ರದ ಬೇರಿಂಗ್ ಗೊರಗೊರ ಎನ್ನುವುದು ಕೈಗೆ ಸಿಗುವುದಿಲ್ಲ. ಇವರು ಒಂದು ಸುತ್ತು ಓಡಿಸಿ ನೋಡಿ, "ಏನೂ ಇಲ್ಲ, ಹೋಗಿಬನ್ನಿ" ಎಂದು ಕಳಿಸಿಕೊಟ್ಟರು. ಇಳಿಜಾರಿನಲ್ಲಿ ಮುಂದಿನ ಚಕ್ರ ಕಚ್ಚಿಕೊಂಡು ಕಾರು ಉದ್ಯಾನದ ಗೋಡೆಗೆ ಹೊಡೆಯಿತು.

ಇಲ್ಲಿ ಸ್ವಾಗತ ಭಾಷಣದಲ್ಲಿ ಅದೇ ನಗೆಹನಿಯಾಯಿತು. ನ್ಯಾಯಾಧೀಶರು ಗೋಡೆಗೇ ತೀರ್ಪು ಕೊಟ್ಟರು ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕಿರಿ. ಅವರೂ ಪಾಪ ನಕ್ಕರು. ಅವರ ಹೆಂಡತಿ ಎರಡನೇ ಸಾಲಿನಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕುಳಿತಿದ್ದಾರೆ. ಸ್ವಾಮಿ, ತಪ್ಪು ನಿಮ್ಮ ಡ್ರೈವಿಂಗಿನದಲ್ಲ. ನೀವು ಮತ್ತೆ ಕಾರು ಮುಟ್ಟುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೀರಂತೆ, ಹಾಗೆ ಮಾಡಬೇಡಿ.

ನಾನು ವಾಪಸು ಬಂದಾಗ ಇವರು ಶೆಡ್ಡಿನ ನೆಲದ ಮೇಲೆ ಆ ಸುಟ್ಟ ಬೇರಿಂಗನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. "ನನಗೆ ಕೇಳಿಸ್ಲಿಲ್ಲ ಕಣೇ" ಎಂದರು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ, "ಸಂಘದ ಸಭೇಲಿ ನಾನೇ ಎದ್ದು ಕೆಲಸ ಬಿಟ್ಟೆ ಅಂತ ಹೇಳ್ತೀನಿ. ಕಾರಣ ಮಾತ್ರ ಯಾರಿಗೂ ಹೇಳ್ಬೇಡ" ಎಂದರು. ನಾನು ತಲೆಯಾಡಿಸಿದೆ.

ಇವತ್ತು ಎದ್ದರು. ಫಲಕ ನೋಡಿದರು. "ಧನ್ಯವಾದ" ಎಂದು ಕುಳಿತುಬಿಟ್ಟರು. ಇವರೇ ಹೇಳಲಿ ಎಂದು ನಾನು ಮೂರನೇ ಸಾಲಿನಲ್ಲಿ ಉಗುರು ಕಚ್ಚುತ್ತಾ ಕಾದಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಘೋಷಿಸಿಬಿಟ್ಟರು: ಮುಂದಿನ ಭಾನುವಾರ ಸಂಘದ ಎಲ್ಲ ಕಾರುಗಳೂ ಬೆಟ್ಟ ಹತ್ತಿ ಇಳಿಯುತ್ತವೆ, ಹೆಂಡತಿ ಮಕ್ಕಳ ಸಮೇತ, ಮತ್ತು ಪ್ರತಿಯೊಂದು ಕಾರನ್ನೂ ಇವರೊಬ್ಬರೇ ಕಿವಿಯಿಂದ ಪರೀಕ್ಷಿಸಿ ಸೈ ಎನ್ನುತ್ತಾರೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನೀವು ತಟ್ಟಿದ್ದನ್ನು ನೋಡಿ ಇವರೂ ತಟ್ಟಿದರು. ಯಾವುದಕ್ಕೆ ಎಂದು ಇವರಿಗೆ ಈಗಲೂ ಗೊತ್ತಿಲ್ಲ. ಪಾಪ, ಊಟದ ವಿಷಯವಿರಬೇಕು ಎಂದುಕೊಂಡಿದ್ದಾರೆ.

ಆದ್ದರಿಂದ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ. ಅಧ್ಯಕ್ಷರೇ, ಇವರೊಬ್ಬರ ಮಾತಿನ ಮೇಲೆ ಒಂದೇ ಒಂದು ಕಾರೂ ಆ ಬೆಟ್ಟ ಇಳಿಯಬಾರದು. ಶೆಡ್ಡು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಇವರ ಕೈಗೆ ಸಮನಾದ ಕೈ ಇನ್ನೂ ಹುಟ್ಟಿಲ್ಲ, ಅದನ್ನು ಹೆಂಡತಿಯಾಗಿ ಅಲ್ಲ, ಕಿಟಕಿಯಿಂದ ಎಲ್ಲ ನೋಡಿದವಳಾಗಿ ಹೇಳುತ್ತೇನೆ. ಆದರೆ ಇನ್ನು ನಾನು ಬಾಗಿಲಲ್ಲಿ ಕೆನ್ನೆ ಉಬ್ಬಿಸಿಕೊಂಡು ನಿಲ್ಲುವುದಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಕೇಳುತ್ತೇನೆ, ಎಲ್ಲರೆದುರು ಹೇಳುತ್ತೇನೆ. ಹೆಂಗಸು ಕಿವಿಗೊಟ್ಟರೆ ಕಾರಿನ ಮಾನ ಹೋಗುತ್ತದೆ ಎನ್ನುವವರು ಧಾರಾಳವಾಗಿ ಬೇರೆ ಕಡೆ ಹೋಗಿ, ತಳ್ಳುವುದಕ್ಕೆ ನಾಲ್ಕು ಜನರನ್ನೂ ಕರೆದುಕೊಂಡು ಹೋಗಿ. ಡಾಕ್ಟರೇ, ನೀವು ನಾಳೆ ಮನೆಗೆ ಬನ್ನಿ, ಕಾರು ಬಿಟ್ಟು, ನಿಮ್ಮ ಉಪಕರಣದ ಪೆಟ್ಟಿಗೆ ಹಿಡಿದುಕೊಂಡು.

ಇವರಿಗೆ ಯಾರೂ ಏನೂ ಹೇಳಬೇಡಿ. ಇವತ್ತು ಮನೆಗೆ ಹೋದ ಮೇಲೆ ನಾನೇ ಎದುರು ಕುಳಿತು ಹೇಳುತ್ತೇನೆ. ಕೋಪ ಮಾಡಿಕೊಳ್ಳುತ್ತಾರೆ. ಮಾತು ಬಿಡುತ್ತಾರೆ. ಮಾತು ಬಿಟ್ಟರೆ ನನಗೆ ಚಿಂತೆಯಿಲ್ಲ, ಅಭ್ಯಾಸವಿದೆ. ಮುಖ ತಿರುಗಿಸಿಬಿಟ್ಟರೆ ಏನು ಮಾಡಲಿ? ಇವರು ನನ್ನ ಕಡೆ ನೋಡದಿದ್ದರೆ, ಇವರಿಗೆ ಏನನ್ನಾದರೂ ಹೇಳುವುದಕ್ಕೆ ನನಗೆ ಬೇರೆ ದಾರಿಯೇ ಇಲ್ಲ.

ಎರಡು ಮಾತಿಗೆ ಕರೆದು ಇಷ್ಟನ್ನು ಸಹಿಸಿಕೊಂಡ ಕಾರ್ಯದರ್ಶಿಗಳಿಗೂ, ನಗಲಾರದೆ ನಗುತ್ತಾ ಕುಳಿತ ನಿಮಗೆಲ್ಲರಿಗೂ ನಾನು ಋಣಿ. ಇನ್ನೊಂದು ಉಪಕಾರ ಮಾಡಿ. ಈಗ ಎಲ್ಲರೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿ. ಸದ್ದು ಬರದಿದ್ದರೂ ನಡೆಯುತ್ತದೆ, ಕೈ ಕಾಣಬೇಕು. ನಾನು ಇಷ್ಟು ಹೊತ್ತೂ ಅವರನ್ನು ಹೊಗಳಿದೆ ಎಂದು, ಮನೆ ತಲುಪುವವರೆಗಾದರೂ, ಅವರು ಅಂದುಕೊಂಡಿರಲಿ. ನಮಸ್ಕಾರ.