ಆರನೇ ಬೋಲ್ಟ್

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ... ಹಾಂ, ಸಾಕು. ಯಾರೋ ಹೇಳಿದ್ದು, ಯಾರೋ ಕೇಳಿದ್ದು ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಎಲ್ಲರೂ ಅವನನ್ನು ಮೇಸ್ತ್ರಿ ಅಂತಲೇ ಕರೆಯೋದು. ಜೀಪಿನ ಕೆಲಸ ಅಂದರೆ ಅವನೇ.

ಅವತ್ತು ರಾತ್ರಿ ಹತ್ತು ದಾಟಿತ್ತು. ಶೆಡ್ಡಿನಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು, ಊಟ ಮಾಡಿ ಬರೋಣ ಅಂತ ಮನೆ ಕಡೆ ನಡೆದಿದ್ದ. ದಾರಿಯಲ್ಲಿ ಒಂದು ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ, ತಳದಲ್ಲಿ ಬರೀ ಕಸ. ಅದರ ಪಕ್ಕ ಬಂದಾಗ ಕೇಳಿಸಿತು...

ಠಣ್.

ನಿಂತ. ಬಾವಿಯೊಳಗಿಂದಲೇ.

ಠಣ್... ಠಣ್... ಠಣ್... ಠಣ್.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಕಲ್ಲು ಬಡಿಯದ ಹಾಗೆ ಜೀಪಿನ ಹೊಟ್ಟೆಗೆ ತಗಡು ಕಟ್ಟಿದ ಮೇಲೆ ಒಂದೊಂದು ಬೋಲ್ಟಿನ ತಲೆಗೂ ಸ್ಪ್ಯಾನರಿನಿಂದ ಕುಟ್ಟಿ ನೋಡಬೇಕು. ಬಿಗಿ ಇದ್ದರೆ ಠಣ್ ಅನ್ನುತ್ತೆ. ಸಡಿಲ ಇದ್ದರೆ ಠಕ್. ಹಾಗೆ ಕುಟ್ಟಿ ನೋಡುತ್ತಿದ್ದದ್ದು ಅವನ ಭಾವ, ಅಕ್ಕನ ಗಂಡ. ಭಾವ ಸತ್ತು ಎರಡು ವರ್ಷವಾಗಿತ್ತು.

ಠಕ್.

ಆರನೆಯದು. ಆಮೇಲೆ ಪಿಸುದನಿ...

"ಸ್ಟ್ಯಾಂಡ್ ಇಟ್ಟಿದೀಯೇನೋ?"

"ಇಟ್ಟಿದೀನಿ ಭಾವ."

ಅವನು ಹೇಳಬೇಕು ಅಂತ ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು. ಓಡಿದ.

ಬಾಯಿ ಯಾಕೆ ಹಾಗಂದಿತು ಅಂತ ಹೇಳಬೇಕು. ಜಾಕ್ ಇರೋದು ಗಾಡಿ ಎತ್ತೋಕೆ. ಎತ್ತಿದ ಗಾಡಿ ಹೊರೋಕೆ ಕಬ್ಬಿಣದ ಸ್ಟ್ಯಾಂಡ್ ಬೇಕು. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗೋದು ಅಂದರೆ ಹಗ್ಗ ಅಂದುಕೊಂಡು ಹಾವು ಹಿಡಿದ ಹಾಗೆ. ಅದಕ್ಕೇ ಈ ಭಾವ-ಭಾವಮೈದುನರ ಮಧ್ಯೆ ಒಂದು ಪದ್ಧತಿ ಇತ್ತು. ಅಡಿಗೆ ಹೋಗುವವನು ಕೇಳಬೇಕು, "ಸ್ಟ್ಯಾಂಡ್ ಇಟ್ಟಿದೀಯೇನೋ?" ಹೊರಗಿರುವವನು ಕಣ್ಣಾರೆ ನೋಡಿ ಹೇಳಬೇಕು, "ಇಟ್ಟಿದೀನಿ." ದಿನಕ್ಕೆ ನಾಲ್ಕು ಸಲ, ಹನ್ನೊಂದು ವರ್ಷ. ಹೇಳೀ ಹೇಳೀ ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು, ಕಣ್ಣಿನ ಹಂಗೇ ಬೇಕಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಸ್ತ್ರಿ ಫೋನಿನಲ್ಲಿ ಯಾರದೋ ಜೊತೆ ಜಗಳ ಆಡುತ್ತಿದ್ದ. ಭಾವ ಕೇಳಿದರು. ಇವನು ತಿರುಗಿಯೂ ನೋಡದೆ "ಇಟ್ಟಿದೀನಿ" ಅಂದ. ಇಟ್ಟಿರಲಿಲ್ಲ. ಐದು ಬೋಲ್ಟ್ ಬಿಗಿದಾಗಿತ್ತು. ಆರನೆಯದಕ್ಕೆ ಜೋರಾಗಿ ಎಳೆದರು, ಜಾಕ್ ಜಾರಿತು... ಅಷ್ಟೇ.

ಜನ ಬಂದು ಸೇರೋ ಹೊತ್ತಿಗೆ ಮೇಸ್ತ್ರಿ ಬಾಯಲ್ಲಿ ಬೇರೆ ಮಾತು ಬಂದಿತ್ತು. "ಎಷ್ಟು ಹೇಳಿದ್ರೂ ಭಾವ ಸ್ಟ್ಯಾಂಡ್ ಇಡ್ತಿರಲಿಲ್ಲ." ಸತ್ತವರು ಎದ್ದು ಬಂದು ಇಲ್ಲ ಅಂತಾರೆಯೇ? ಅಕ್ಕ ನಂಬಿದಳು. ಗೋಡೆಯ ಮೇಲಿದ್ದ ಗಂಡನ ಫೋಟೋ ತೆಗೆದು ಟ್ರಂಕಿನ ತಳಕ್ಕೆ ಹಾಕಿದಳು. ತಮ್ಮನ ಮನೆ ಸೇರಿದಳು. ತಮ್ಮ ದೇವರಂಥವನು ಅಂತ ಎಲ್ಲರ ಮುಂದೆ ಹೇಳುತ್ತಿದ್ದಳು. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಆ ರಾತ್ರಿ ಅವನು ಏದುಸಿರು ಬಿಡುತ್ತಾ ಬಂದಾಗ ಅಕ್ಕ ತಟ್ಟೆ ಹಾಕಿದಳು.

"ಯಾಕೋ ಹಿಂಗೆ ಬೆವತಿದೀಯ?"

"ಏನಿಲ್ಲ ಅಕ್ಕ. ಕೆಲಸ ಮುಗಿದಿಲ್ಲ, ಮತ್ತೆ ಹೋಗ್ಬೇಕು."

"ಸ್ಟ್ಯಾಂಡ್ ಇಟ್ಕೊಂಡು ಕೆಲಸ ಮಾಡೋ. ಅವರ ಥರ ನಿರ್ಲಕ್ಷ್ಯ ಮಾಡ್ಬೇಡ. ತಾವು ಹೋದ್ರು, ನನ್ನನ್ನ ಹಿಂಗೆ ಮಾಡಿ ಹೋದ್ರು."

ಅರ್ಧಕ್ಕೇ ಕೈ ತೊಳೆದು ಹೊರಟ. ಹೋಗದೆ ಬೇರೆ ದಾರಿ ಇರಲಿಲ್ಲ, ಕೆಲಸ ನರ್ಸಮ್ಮನ ಜೀಪಿಂದು. ಬೆಟ್ಟದ ಮೇಲಿನ ಮನೆಗಳಿಗೆ ಔಷಧ ಒಯ್ಯೋ ಗಾಡಿ ಅದು. ಹಿಂದಿನ ವಾರ ಕಲ್ಲು ಬಡಿದು ಇಂಜಿನ್ ಅಡಿಯ ಆಯಿಲ್ ಚೇಂಬರ್ ಒಡೆದು, ಎಣ್ಣೆಯೆಲ್ಲ ಸೋರಿ ದಾರಿ ಮಧ್ಯೆ ನಿಂತಿತ್ತು. ಬೆಳಗ್ಗೆ ಆರಕ್ಕೆ ಗಾಡಿ ಬೇಕೇ ಬೇಕು ಅಂದಿದ್ದರು.

"ಅಲ್ಯೂಮಿನಿಯಂ ತಗಡು ಹಾಕಿ, ಹಗುರ ಇರುತ್ತಂತೆ" ಅಂತಲೂ ಹೇಳಿದ್ದರು.

"ಹಗುರ ನಿಜ ಅಮ್ಮ. ಆದ್ರೆ ನಿಮ್ಮ ದಾರೀಲಿ ಎಲ್ಲಾ ಚೂಪು ಕಲ್ಲು, ಹರಿದು ಹಾಕ್ಬಿಡುತ್ತೆ. ಉಕ್ಕೇ ಇರಲಿ, ನಾಲ್ಕು ಮಿಲಿಮೀಟರ್."

"ಭಾರ ಆಗಲ್ವಾ?"

"ಹೊಟ್ಟೆ ಒಡ್ಕೊಂಡು ನಿಲ್ಲೋದಕ್ಕಿಂತ ಭಾರ ಹೊರೋದು ವಾಸಿ."

ಮಾತು ಸರಿಯೇ. ತಪ್ಪಿದ್ದು ಅಳತೆ ತೆಗೆಯುವಾಗ. ಸೋಮಾರಿತನಕ್ಕೆ ಹೊಸದಾಗಿ ಅಳೆಯಲಿಲ್ಲ. ಅದೇ ಮಾದರಿ ಜೀಪಿಗೆ ಭಾವ ಅಳತೆಗೆ ಅಂತ ಕತ್ತರಿಸಿಟ್ಟಿದ್ದ ಹಳೇ ರಟ್ಟು ಗೋಡೆಗೆ ನೇತುಹಾಕಿತ್ತು. ಅದನ್ನೇ ತಗಡಿನ ಮೇಲಿಟ್ಟು ಗೆರೆ ಎಳೆದ. ಆರು ತೂತು, ಭಾವನ ಪೆನ್ಸಿಲ್ ಗುರುತು. ಐದು ಸರಿಯಾಗಿ ಕೂತವು. ಗೇರ್‌ಬಾಕ್ಸಿನ ಕೆಳಗಿನ ಆರನೆಯದು ಕೂರಲಿಲ್ಲ. ಕೂದಲೆಳೆಯಷ್ಟು ಆಚೆ.

ಶೆಡ್ಡಿಗೆ ಬಂದವನೇ ದೀಪ ಹಾಕಿದ. ನಾಲ್ಕು ಸ್ಟ್ಯಾಂಡನ್ನೂ ಮುಟ್ಟಿ ನೋಡಿದ. ಜೀಪನ್ನು ಹಿಡಿದು ಅಲುಗಾಡಿಸಿದ. ಕದಲಲಿಲ್ಲ. ಅಡಿಗೆ ಜಾರಿದ. ತೂತನ್ನು ಅರದಿಂದ ಸ್ವಲ್ಪ ಅಗಲ ಮಾಡಿದರೆ ಆಯಿತು, ಹತ್ತು ನಿಮಿಷದ ಕೆಲಸ. ಬೋಲ್ಟು ಅಂಗಿ ಜೇಬಿನಲ್ಲಿತ್ತು.

ಕರ್‌... ಕರ್‌... ಕರ್‌... ಅರದ ಸದ್ದು.

ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ.

ಕರ್‌... ಕರ್‌... ತಗಡಿನ ಆ ಕಡೆಯಿಂದ. ತಗಡಿಗೂ ಗೇರ್‌ಬಾಕ್ಸಿಗೂ ನಡುವೆ. ಅಲ್ಲಿ ಎರಡು ಬೆರಳು ಜಾಗ ಇಲ್ಲ.

"ಸ್ಟ್ಯಾಂಡ್ ಇಟ್ಟಿದೀಯೇನೋ?"

"ಇ... ಇಟ್ಟಿದೀನಿ ಭಾವ."

ಕಿರ್ರ್‌...

ಜೀಪು ಒಂದು ಬೆರಳು ಕೆಳಗಿಳಿಯಿತು. ಕಣ್ಣು ಹೊರಳಿಸಿ ನೋಡಿದ. ನಾಲ್ಕೂ ಸ್ಟ್ಯಾಂಡ್ ನೆಟ್ಟಗೆ ನಿಂತಿವೆ. ಆದರೂ ಇಳಿದಿದೆ.

"ಇಟ್ಟಿದೀಯೇನೋ?"

"ನೋಡಿ ಭಾವ... ನಾಲ್ಕೂ ಇದೆ... ಇಟ್ಟಿದೀನಿ..."

ಕಿರ್ರ್‌...

ತಗಡು ಎದೆಗೆ ತಾಗಿತು. ತಣ್ಣಗಿತ್ತು. ಉಸಿರು ಎಳೆದರೆ ಎದೆ ಏಳಲು ಜಾಗವಿಲ್ಲ. ಪಕ್ಕಕ್ಕೆ ಸರಿಯಲು ನೋಡಿದ, ಆಗಲಿಲ್ಲ. ಜೀವ ಬಾಯಿಗೆ ಬಂತು. ಆಗ ಅರ್ಥವಾಯಿತು ಅವನಿಗೆ. ಭಾವ ಕೇಳುತ್ತಿರೋದು ಈ ಸ್ಟ್ಯಾಂಡಿನ ವಿಷಯ ಅಲ್ಲ.

"ಇಟ್ಟಿದೀಯೇನೋ?" ಮೂರನೇ ಸಲ. ದನಿಯಲ್ಲಿ ಸಿಟ್ಟಿರಲಿಲ್ಲ. ದಿನಾ ಕೇಳುತ್ತಿದ್ದ ಹಾಗೆಯೇ ಕೇಳಿದ್ದು.

"ಇಲ್ಲ ಭಾವ..." ಅವನು ಅತ್ತುಬಿಟ್ಟ. "ಇಟ್ಟಿರಲಿಲ್ಲ. ನೋಡದೇನೇ ಹೇಳ್ಬಿಟ್ಟೆ. ನೀವು ಕೇಳಿದ್ರಿ... ನಾನೇ ಸುಳ್ಳು ಹೇಳ್ದೆ. ನಾನೇ ನಿಮ್ಮನ್ನ ಸಾಯಿಸ್ದೆ."

ತಗಡು ಎದೆಯಿಂದ ಮೇಲಕ್ಕೆ ಹೋಯಿತು. ನಿಧಾನಕ್ಕೆ, ಯಾರೋ ಜಾಕ್ ಹೊಡೆಯುತ್ತಿರುವ ಹಾಗೆ. ಟಿಕ್‌... ಟಿಕ್‌... ಟಿಕ್‌.

ತೆವಳಿಕೊಂಡು ಹೊರಗೆ ಬಂದ. ಮೊದಲು ಕಂಡದ್ದು ಎರಡು ಕಾಲು. ಕಿರುಚಿದ.

ಅಕ್ಕ. ಅವನು ಮನೆಯಲ್ಲಿ ಮರೆತುಬಂದಿದ್ದ ಟಾರ್ಚ್ ಕೈಯಲ್ಲಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಅಕ್ಕ..."

"ಅವರು ಕೇಳಿದ್ರಾ?" ಅಂದಳು ಅಕ್ಕ. "ಅವತ್ತು... ಕೇಳಿಯೇ ಕೆಳಗೆ ಹೋದ್ರಾ?"

"ಕೇಳಿದ್ರು ಅಕ್ಕ."

ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಟಾರ್ಚನ್ನು ಅವನ ಕಾಲ ಹತ್ತಿರ ಇಟ್ಟು ನಡೆದುಹೋದಳು. ಬೆಳಗಾಗುವಷ್ಟರಲ್ಲಿ ಟ್ರಂಕು ಸಮೇತ ಮನೆ ಬಿಟ್ಟಿದ್ದಳು. ಈಗ ಬೇರೆ ಒಂದು ಕೋಣೆಯಲ್ಲಿದ್ದಾಳೆ, ಹೊಲಿಗೆ ಮಾಡಿಕೊಂಡು. ಗೋಡೆ ಮೇಲೆ ಭಾವನ ಫೋಟೋ ಇದೆ. ನಾನು ಹೋದಾಗ ನೋಡಿದ್ದೇನೆ. ತಮ್ಮನ ಹೆಸರು ಎತ್ತಿದರೆ ಮಾತು ಬದಲಾಯಿಸುತ್ತಾಳೆ. ಮೇಸ್ತ್ರಿ ತಿಂಗಳಿಗೊಮ್ಮೆ ಅವಳ ಬಾಗಿಲ ತನಕ ಹೋಗಿ ವಾಪಸ್ ಬರುತ್ತಾನೆ.

ಇದೆಲ್ಲ ಹೆದರಿದವನ ಭ್ರಮೆ ಅಂತೀರೇನೋ. ಇರಲಿ. ಅವತ್ತು ಬೆಳಗ್ಗೆ ಆರಕ್ಕೆ ನರ್ಸಮ್ಮ ಬಂದರು. "ಐದೇ ಬೋಲ್ಟ್ ಅಮ್ಮ, ಇನ್ನೊಂದು ಹಾಕಕ್ಕಾಗ್ಲಿಲ್ಲ" ಅಂದ ಮೇಸ್ತ್ರಿ. ಆರನೇ ಬೋಲ್ಟು ಅವನ ಜೇಬಿನಲ್ಲೇ ಇತ್ತು, ತೆಗೆದೂ ತೋರಿಸಿದ. ನರ್ಸಮ್ಮ ಬಗ್ಗಿ ನೋಡಿದರು. "ಆರೂ ಇದೆಯಲ್ಲಪ್ಪ."

ಇತ್ತು. ಮೇಸ್ತ್ರಿ ಸ್ಪ್ಯಾನರಿನಿಂದ ಕುಟ್ಟಿದ. ಠಣ್.

ಆ ಜೀಪು ಈಗಲೂ ಓಡುತ್ತಿದೆ, ಬೇಕಾದರೆ ನಾಳೆಯೇ ತೋರಿಸುತ್ತೇನೆ. ನಾನೇ ಅಡಿಗೆ ಹೋಗಿ ಮುಟ್ಟಿ ನೋಡಿದ್ದೇನೆ. ಐದು ಬೋಲ್ಟನ್ನು ಮೇಸ್ತ್ರಿ ಕೆಳಗಿನಿಂದ ಹಾಕಿದ್ದಾನೆ, ತಲೆ ಕೆಳಗಿದೆ. ಆರನೆಯದಕ್ಕೆ ನಟ್ಟು ಕೆಳಗಿದೆ. ತಲೆ ಮೇಲಿದೆ, ಎರಡು ಬೆರಳೂ ಹಿಡಿಸದ ಆ ಸಂದಿಯ ಒಳಗಡೆ.